ಡೆಲ್ಫೀನ್ ಒಪ್ಪಿದ್ದಾಳಂತೆ

ಲೂನ್ ನ್ಯಾರೋಸ್, ಉತ್ತರ ಒಂಟಾರಿಯೊ
ಅಕ್ಟೋಬರ್ ೧೫, ೧೯೮೪

ಪ್ರೀತಿಯ ಮಗಳೇ ಡೆಲ್ಫೀನ್,

ಕೆಮ್ಮು ಇಳಿಯಿತಾ? ಒಟ್ಟಾವಾದ ಹೋಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲಾ ಬರೀ ಕಾಫಿ ಕುಡಿದುಕೊಂಡು ಗಣಿಯ ವಿಷಯಕ್ಕೆ ಮಂತ್ರಿಗಳ ಜೊತೆ ಜಗಳವಾಡುತ್ತಿದ್ದೀಯೋ? ನನ್ನ ಮೊಣಕಾಲು ನೋವು ಹಾಗೇ ಇದೆ. ಈ ಸಲ ಬಿಳಿಮೀನು ಚೆನ್ನಾಗಿ ಸಿಕ್ಕಿದೆ. ನಿನ್ನ ಪಾಲನ್ನು ಹೊಗೆಗೆ ಹಾಕಿದ್ದೇನೆ, ಬೆಕ್ಕಿಗೆ ಎಟುಕದ ಹಾಗೆ.

ಈಗ ಸಮಾಚಾರ ಕೇಳು. ಶುಕ್ರವಾರ ನಮ್ಮ ಸರೋವರದಲ್ಲಿ ವಿಮಾನ ಇಳಿಸಿಕೊಂಡು ನಿಕ್ಕಲ್ ಗಣಿ ಕಂಪನಿಯ ಕ್ರಾಂಬಿ ಬಂದಿದ್ದ. ದೇಶ ಕಟ್ಟಿದವನು ಅಂತ ಪೇಪರಿನವರು ಹೊಗಳುತ್ತಾರಲ್ಲ, ಅವನೇ. ಮಕ್ಕಳಿಗೆಲ್ಲ ಹಾಕಿ ಆಡುವ ಕೋಲು, ನಮ್ಮಂಥ ಮುದುಕಿಯರಿಗೆ ಕಂಬಳಿ. ನನ್ನ ಕೈ ಹಿಡಿದುಕೊಂಡು, "ಒಜಿಬ್ವೆ ಬುಡಕಟ್ಟಿನ ನಾಯಕಿಯನ್ನು ಹೆತ್ತ ತಾಯಿ" ಅಂತ ಕೊಂಡಾಡಿದ. ನೀನು ಊರಲ್ಲಿಲ್ಲದ ಸಮಯ ನೋಡಿಕೊಂಡೇ ಬಂದವನ ವಿನಯ ನನಗೆ ಹಿಡಿಸಲಿಲ್ಲ.

ಆಮೇಲೆ ಸಭಾಭವನದಲ್ಲಿ ಎಲ್ಲರೆದುರು, "ಕೊಲ್ಲಿಯ ದಡದ ಗಣಿಗೆ ನಿಮ್ಮ ನಾಯಕಿ ಒಪ್ಪಿದ್ದಾರೆ. ನೀವೂ ಇವತ್ತೇ ಕೈಯೆತ್ತಿದರೆ ಕೆಲಸ ಮುಗೀತು" ಅಂದುಬಿಟ್ಟ. ಎಲ್ಲರೂ ನನ್ನ ಕಡೆ ತಿರುಗಿದರು. ನಿನ್ನ ಸೋದರಮಾವ ಹೆಕ್ಟರನ ಬಾಯಿ ಗೊತ್ತಲ್ಲ, "ಏನಕ್ಕಾ, ಮಗಳು ದೊಡ್ಡವರ ಪಂಕ್ತೀಲಿ ಉಣ್ಣೋದು ಕಲಿತಳಾ? ನಾವು ಕಾಡಕ್ಕಿ ಕೊಯ್ಯೋ ಕೊಲ್ಲೀನೇ ಬಡಿಸಿಬಿಟ್ಟಳಾ?" ಅಂತ ಚುಚ್ಚಿದ. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತು, "ಅವಳು ಒಪ್ಪಿದ್ದರೆ ನಿಮ್ಮ ಜೊತೇಲೇ ಬರಬೇಕಿತ್ತಲ್ಲ ಕ್ರಾಂಬಿಯವರೇ?" ಅಂದೆ. ವಿಮಾನದಲ್ಲಿ ಜಾಗ ಇರಲಿಲ್ಲವಂತೆ! "ನಾಲ್ಕು ಕಂಬಳಿ ಇಳಿಸಿದ್ದರೆ ಆಗ್ತಿತ್ತಪ್ಪ" ಅಂದೆ. ಜನ ಗೊಳ್ಳೆಂದು ನಕ್ಕರು. ಆ ನಗುವಿನ ಧೈರ್ಯದಲ್ಲೇ, "ನನ್ನ ಮಗಳು ಒಪ್ಪಿಲ್ಲ, ಅವಳು ಬರೋವರೆಗೆ ಯಾರೂ ಕೈಯೆತ್ತಬೇಡಿ" ಅಂತ ಹೇಳಿಬಿಟ್ಟೆ. ಯಾರೂ ಎತ್ತಲಿಲ್ಲ, ಹೆಕ್ಟರ್ ಕೂಡ. ಕ್ರಾಂಬಿ ಊಟಕ್ಕೂ ನಿಲ್ಲದೆ ಹೊರಟ.

ಹಿರಿಯರೆಲ್ಲ ನಿನಗೆ ಒಳ್ಳೆಯದಾಗಲಿ ಅಂದಿದ್ದಾರೆ. ಹೊರಗೆ ಹೋಗುವಾಗ ಕಿವಿ ಮುಚ್ಚಿಕೋ.

ನಿನ್ನ ಅಮ್ಮ,
ಫಿಲೊಮೀನ್

ತಾ.ಕ.: ಟಪಾಲು ಒಯ್ಯುವವನು ಬಾಗಿಲಲ್ಲೇ ನಿಂತಿದ್ದಾನೆ. ಯಾರಿಗೂ ಹೇಳದ ಒಂದು ಮಾತು. ವಿಮಾನ ಹತ್ತುವ ಮುಂಚೆ ಕ್ರಾಂಬಿ ನನ್ನ ಕಿವಿಯ ಹತ್ತಿರ ಬಗ್ಗಿ, "ಬಿನೇಶಿ ಬಂದ ಮೇಲೆ ಅವಳನ್ನೇ ಕೇಳಿ" ಅಂದ. ಬಿನೇಶಿ, ನಮ್ಮ ಪುಟ್ಟ ಹಕ್ಕಿ, ಅಂತ ನಿನ್ನನ್ನು ಕರೆದವರು ನಾನು ಮತ್ತು ತೀರಿಕೊಂಡ ನಿಮ್ಮಪ್ಪ ಮಾತ್ರ, ಅದೂ ಮನೆಯೊಳಗೆ. ಹೆಕ್ಟರನಿಗೂ ಆ ಹೆಸರು ಗೊತ್ತಿಲ್ಲ. ಕ್ರಾಂಬಿಗೆ ಯಾರು ಹೇಳಿದರು, ಮಗಳೇ? ನೀನು ಒಪ್ಪಿಲ್ಲ ಅಂತ ನಾನು ಊರಿಗೆಲ್ಲ ಮಾತು ಕೊಟ್ಟು ಕೂತಿದ್ದೇನೆ.