ಕತ್ತರಿಸಿದ ಎರಡು ನಿಮಿಷ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಕೂಸೇ,

ನಿನ್ನ ಕಾಗದ ಗುರುವಾರ ಬಂತು. ಇರುವುದೇ ಆರು ಸಾಲು, ಅದರಲ್ಲಿ ನಾಲ್ಕು ನಿನ್ನ ಗ್ರಂಥಾಲಯದ ವಿಷಯ. ಆದರೂ ಅಪ್ಪ ಹೋದ ಮೇಲೆ, ಈ ಎಂಟು ತಿಂಗಳಲ್ಲಿ, ನೀನಾಗಿ ಬರೆದ ಮೊದಲ ಕಾಗದ. ಎರಡು ಸಲ ಓದಿ ದಿಂಬಿನ ಕೆಳಗೆ ಇಟ್ಟುಕೊಂಡೆ.

ಶನಿವಾರ ಸಂಜೆ ಓದುಗರಿಗೆ ಸಂಗೀತದ ಸಾಕ್ಷ್ಯಚಿತ್ರಗಳನ್ನು ತೋರಿಸಬೇಕು, ನೋಡುವಂಥವು ಯಾವುವು, ನೀನು ಆ ಕೆಲಸದಲ್ಲೇ ಇದ್ದವಳಲ್ಲವೇ ಎಂದು ಕೇಳಿದ್ದೀಯ. ಇದ್ದೆ. ಇಪ್ಪತ್ತೆರಡು ವರ್ಷ ಸಂಕಲನದ ಕೋಣೆಯಲ್ಲಿ ಕೂತು ಫಿಲ್ಮು ಕತ್ತರಿಸಿದೆ, ಅಂಟಿಸಿದೆ. ನಿಮ್ಮಪ್ಪ ಊರೂರು ಸುತ್ತಿ ಧ್ವನಿ ಹಿಡಿದು ತರುತ್ತಿದ್ದರು, ನಾನು ಕಿಟಕಿಯಿಲ್ಲದ ಆ ಕೋಣೆಯಲ್ಲಿ ಅದನ್ನು ಚಿತ್ರಕ್ಕೆ ಕೂಡಿಸುತ್ತಿದ್ದೆ. ಗಂಡ ಹೊತ್ತು ತಂದಿದ್ದರಲ್ಲಿ ಅರ್ಧ ಹೆಂಡತಿ ಕಸಕ್ಕೆ ಹಾಕ್ತಾಳೆ ಎಂದು ಕಚೇರಿಯಲ್ಲಿ ನಗುತ್ತಿದ್ದರು.

ಮೊದಲು ಗಂಟೆ ಎರಕ ಹೊಯ್ಯುವವರ ಚಿತ್ರ ಹಾಕು. ಅಣ್ಣ ತಮ್ಮ ಇಬ್ಬರು, ಮಾತು ಬಿಟ್ಟು ಹನ್ನೆರಡು ವರ್ಷ, ಆದರೆ ಒಂದೇ ಕುಲುಮೆ. ಗಂಟೆ ತಣ್ಣಗಾದ ಮೇಲೆ ಅಣ್ಣ ಬಾರಿಸುತ್ತಾನೆ, ತಮ್ಮ ಕಿವಿಗೊಟ್ಟು ಕೇಳಿ ತಲೆ ಅಲ್ಲಾಡಿಸುತ್ತಾನೆ, ಇಬ್ಬರೂ ಸುಮ್ಮನೆ ಮತ್ತೆ ಕರಗಿಸುತ್ತಾರೆ. ವಿವರಣೆಯ ಮಾತೇ ಇಲ್ಲ. ಮೊದಲ ಹತ್ತು ನಿಮಿಷ ಜನ ಕೆಮ್ಮುತ್ತಾರೆ, ಕುರ್ಚಿ ಎಳೆದಾಡುತ್ತಾರೆ. ಗಾಬರಿಯಾಗಬೇಡ, ಆಮೇಲೆ ಉಸಿರಾಡುವುದೂ ಕೇಳಿಸುವುದಿಲ್ಲ.

ಎರಡನೆಯದು ಬಟ್ಟೆ ಗಿರಣಿಯ ಬ್ಯಾಂಡಿನವರದು. ಗಿರಣಿ ಮುಚ್ಚಿದ ಮೇಲೂ ಅವರು ಪ್ರತಿ ಮಂಗಳವಾರ ಖಾಲಿ ಕ್ಯಾಂಟೀನಿನಲ್ಲಿ ಸೇರಿ ನುಡಿಸುತ್ತಾರೆ. ವಾರಕ್ಕೊಬ್ಬರು ಕಡಿಮೆಯಾಗುತ್ತಾ ಹೋಗುತ್ತಾರೆ. ಕೊನೆಗೆ ಕ್ಲಾರಿನೆಟ್ ನುಡಿಸುವ ಮುದುಕನೊಬ್ಬನೇ ಬಾರದವರ ಪಾಲನ್ನೂ ಸೇರಿಸಿ ನುಡಿಸಲು ಒದ್ದಾಡುತ್ತಾನೆ. ಚಿತ್ರ ಮುಗಿದ ಕೂಡಲೇ ದೀಪ ಹಾಕಬೇಡ. ಕಣ್ಣು ಒರೆಸಿಕೊಳ್ಳುವವರು ಇರುತ್ತಾರೆ.

ಬಹುಮಾನ ಬಂದ ಆ ದೊಡ್ಡ ಗಾಯಕರ ಚಿತ್ರ ಬೇಡ. ಒಂದು ಗಂಟೆಯಲ್ಲಿ ಅವರು ಹಾಡುವುದು ಏಳು ನಿಮಿಷ, ಮಿಕ್ಕಿದ್ದೆಲ್ಲ ಸೋಫಾದ ಮೇಲೆ ಕೂತವರ ಹೊಗಳಿಕೆ. ನಿಮ್ಮಪ್ಪ ಅದಕ್ಕೆ ಸೋಫಾ ಪಿಚ್ಚರ್ ಎಂದೇ ಹೆಸರಿಟ್ಟಿದ್ದರು.

ಇನ್ನೊಂದಿದೆ. ಮೂರು ದಿನದಿಂದ ಅದನ್ನು ಪಟ್ಟಿಯಲ್ಲಿ ಬರೆಯುತ್ತೇನೆ, ಹೊಡೆದುಹಾಕುತ್ತೇನೆ. ನಿನ್ನ ಹಾಡಿನ ಟೀಚರಮ್ಮನ ಚಿತ್ರ. ನಾವು ಕೆಲಸ ಮಾಡಿದ್ದರಲ್ಲೆಲ್ಲ ಅದೇ ಒಳ್ಳೆಯದು. ಆ ಹೆಸರು ಕಂಡ ಕೂಡಲೇ ನೀನು ಈ ಕಾಗದ ಮಡಿಸಿಡಬಹುದು ಎಂಬ ಭಯ ನನಗೆ. ಮಡಿಸಬೇಡ, ಓದು.

ಆಗ ನಿನಗೆ ಹದಿನೇಳು. ಟೀಚರಮ್ಮನ ಮುಂದಿನ ಕೋಣೆ, ಚಾಪೆಯ ಮೇಲೆ ಹನ್ನೊಂದು ಮಕ್ಕಳು, ಮೂಲೆಯಲ್ಲಿ ಮೈಕು ಹಿಡಿದ ನಿಮ್ಮಪ್ಪ. ನೀನು ಮೇಲಿನ ಸ್ವರಕ್ಕೆ ಹೋದಾಗ ಧ್ವನಿ ಒಡೆಯಿತು. ನೀನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಟೀಚರಮ್ಮ ಹಾರ್ಮೋನಿಯಂ ನಿಲ್ಲಿಸದೆ, "ಯಾಕೆ ನಿಲ್ಲಿಸ್ದೆ? ಅಲ್ಲಿಂದಾನೇ ಎತ್ಕೊಳ್ಳೇ" ಎಂದರು. ನೀನು ಎತ್ತಿಕೊಂಡೆ. ಎರಡು ನಿಮಿಷದ ದೃಶ್ಯ. ಇದೇ ಈ ಚಿತ್ರದ ಜೀವ ಎಂದರು ನಿರ್ದೇಶಕರು.

ನನಗೆ ಕಂಡದ್ದು ಒಡೆದ ಸ್ವರ ಮಾತ್ರ. ತುಂಬಿದ ಸಭಾಂಗಣದಲ್ಲಿ ಜನ ನನ್ನ ಮಗಳನ್ನು ನೋಡಿ ಕಿಸಕ್ಕನೆ ನಗುತ್ತಾರೆ ಅನ್ನಿಸಿತು. ನಿರ್ದೇಶಕರು ಜ್ವರ ಬಂದು ಒಂದು ವಾರ ಮಲಗಿದ್ದರು. ಚಿತ್ರದ ಪ್ರತಿ ತೆಗೆಯಲು ಲ್ಯಾಬಿಗೆ ಕಳಿಸುವ ದಿನ ಹತ್ತಿರ ಬಂದಿತ್ತು. ನಾನು ಯಾರನ್ನೂ ಕೇಳದೆ ಆ ಎರಡು ನಿಮಿಷ ತೆಗೆದುಬಿಟ್ಟೆ. ಅವರು ಎದ್ದು ಬಂದು ನೋಡಿ, "ಏನಮ್ಮಾ, ಹೀಗಾ ಮಾಡೋದು" ಎಂದಷ್ಟೇ ಅಂದು ಹೊರಗೆ ಹೋದರು. ಆ ತುಂಡನ್ನು ಆಮೇಲೆ ಬಹಳ ಹುಡುಕಿದೆ, ಕೂಸೇ. ಕಸದ ಚೀಲದಲ್ಲಿ ಹೋಗಿತ್ತು. ಧ್ವನಿಯ ಟೇಪು ಕಚೇರಿಯದು, ಅಳಿಸಿ ಬೇರೆ ಕೆಲಸಕ್ಕೆ ಬಳಸಿದ್ದರು.

ಪ್ರದರ್ಶನದ ದಿನ ನೀನು ನಾಲ್ಕು ಜನ ಗೆಳತಿಯರನ್ನು ಕರೆದುಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದೆ. ಚಿತ್ರ ಮುಗಿದ ಮೇಲೆ ಮೆಟ್ಟಿಲ ಮೇಲೆ ಅಪ್ಪನನ್ನು ತಡೆದು, ನಾನೆಲ್ಲಿ ಎಂದು ಕೇಳಿದೆ. ಅವರು ಒಂದು ಸಲ ನನ್ನ ಮುಖ ನೋಡಿದರು. ನಾನು ಬ್ಯಾಗಿನಲ್ಲಿ ಏನೋ ಹುಡುಕುತ್ತಾ ನಿಂತೆ. "ನಾನೇ ತೆಗೆಸ್ದೆ ಮಗಾ. ಇನ್ನೂ ಸ್ವಲ್ಪ ಪಳಗಲಿ ಅನ್ನಿಸ್ತು" ಎಂದರು.

ಬೇರೆ ಯಾರು ಹೇಳಿದ್ದರೂ ನೀನು ಜಗಳವಾಡುತ್ತಿದ್ದೆ. ಅಪ್ಪನ ಕಿವಿ ತಪ್ಪುವುದಿಲ್ಲ ಎಂದು ನಂಬಿದವಳು ನೀನು. ಮರುದಿನದಿಂದ ಹಾಡುವುದನ್ನೇ ಬಿಟ್ಟೆ.

ಯಾಕ್ರೀ ಹಾಗಂದಿರಿ ಎಂದು ಪ್ರದರ್ಶನದ ದಿನವೇ ಮನೆಗೆ ಬಂದು ನಾನು ಅವರನ್ನು ಕೇಳಿದೆ. "ನೀನು ದಿನಾ ಅವಳ ಜೊತೆ ಇರೋಳು. ನಾನು ತಿಂಗಳಲ್ಲಿ ಇಪ್ಪತ್ತು ದಿನ ಹೊರಗೆ. ಸಿಟ್ಟು ನನ್ನ ಮೇಲಿದ್ರೆ ಮನೆ ನಡೆಯುತ್ತೆ. ನಾಲ್ಕು ದಿನಕ್ಕೆ ಇಳಿಯುತ್ತೆ ಬಿಡೇ" ಎಂದರು. ಇಪ್ಪತ್ತೇಳು ವರ್ಷವಾದರೂ ಇಳಿಯಲಿಲ್ಲ. ನೀನು ಫೋನು ಮಾಡಿದಾಗ ಅವರು ಎತ್ತಿಕೊಂಡರೆ, ಅಮ್ಮ ಇದ್ದಾರಾ ಎನ್ನುತ್ತಿದ್ದೆ. ಅವರು, "ತಗೋ, ನಿನಗೇ" ಎಂದು ನನ್ನ ಕೈಗೆ ಕೊಟ್ಟು ವರಾಂಡಕ್ಕೆ ಹೋಗುತ್ತಿದ್ದರು. ಅವರನ್ನು ಕಳಿಸಿಕೊಟ್ಟ ದಿನವೂ ನೀನು ಬಾಗಿಲು ದಾಟಿ ಒಳಗೆ ಬರಲಿಲ್ಲ.

ಹೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದಿತ್ತು. ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಮದುವೆ ಆಗಲಿ ಎಂದುಕೊಂಡೆ, ಮಗು ಸ್ವಲ್ಪ ದೊಡ್ಡದಾಗಲಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ನೀನು ನನ್ನೊಬ್ಬಳ ಹತ್ತಿರ ಮಾತಾಡುತ್ತಿದ್ದೆ, ಅದು ನನಗೆ ಬೇಕಾಗಿತ್ತು. ದಿನಾ ಡೈರಿ ಬರೆಯುವವಳು ನಾನು. ಆ ದಿನದ ಪುಟ ನಿನ್ನೆ ತೆಗೆದು ನೋಡಿದೆ. ಪ್ರದರ್ಶನ ಚೆನ್ನಾಗಿ ಆಯಿತು, ಜನ ಬಹಳ ಇದ್ದರು ಎಂದಿದೆ. ಅಷ್ಟೇ.

ಆ ಚಿತ್ರವನ್ನು ನಿನ್ನ ಓದುಗರಿಗೆ ತೋರಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು. ತೋರಿಸಿದರೆ, ಟೀಚರಮ್ಮ ಕಿಟಕಿಯ ಕಡೆ ತಿರುಗುತ್ತಾರೆ ನೋಡು, ಅದರ ಹಿಂದೆಯೇ ಒಬ್ಬ ಪುಟ್ಟ ಹುಡುಗಿ ಹಾಡಲು ಶುರುಮಾಡುತ್ತಾಳೆ. ಆ ಎರಡರ ನಡುವೆ ಒಂದು ಜೋಡಣೆ ಇದೆ. ಯಾರ ಕಣ್ಣಿಗೂ ಬೀಳದಷ್ಟು ನಯವಾಗಿ ಮಾಡಿದ್ದೇನೆ. ನೀನು ಇದ್ದದ್ದು ಅಲ್ಲಿ.

ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಸಿಟ್ಟನ್ನು ಅವರ ಮೇಲಿಂದ ತೆಗೆದು ನನ್ನ ಮೇಲೆ ಹಾಕು. ಇಷ್ಟು ತಡವಾಗಿಯಾದರೂ.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದಿದ್ದೇನೆ. ಜೂನ್‌ನಲ್ಲಿ ನೀನು ಅಪ್ಪನಿಗೆಂದು ಆಸ್ಪತ್ರೆಗೆ ಬರೆದ ಕಾಗದವನ್ನು ಅವರಿಗೆ ಓದಿ ಹೇಳಿದೆ ಎಂದಿದ್ದೆನಲ್ಲ, ಪೂರ್ತಿ ಓದಿರಲಿಲ್ಲ. "ನನ್ನ ಧ್ವನಿ ನಿಜವಾಗಲೂ ಅಷ್ಟು ಕೆಟ್ಟದಾಗಿತ್ತಾ ಅಪ್ಪಾ, ಒಂದು ಮಾತು ಹೇಳು" ಎಂದು ಬರೆದಿದ್ದ ನಾಲ್ಕು ಸಾಲು ಬಿಟ್ಟು ಮುಂದೆ ಹೋದೆ. ಕೇಳಿಯೂ ಅಪ್ಪ ಉತ್ತರ ಕೊಡಲಿಲ್ಲ ಎಂದೇ ನೀನು ತಿಳಿದಿರಬೇಕು. ಅವರು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು. "ಇನ್ನೇನೂ ಬರ್ದಿಲ್ವಾ?" ಎಂದರು. ಇಲ್ಲ ರೀ, ಇಷ್ಟೇ ಎಂದೆ. ಇನ್ನೊಂದು ಸಲ ಓದು ಎಂದರು. ಓದಿದೆ, ಅದೇ ನಾಲ್ಕು ಸಾಲು ಬಿಟ್ಟು.