ಕಣಗಾವಲಿಗೆ ಹೇಳದೆ ಉಳಿದ ಬಸಿರು

ಮಲಪ್ರಭೆಯ ದಂಡೆ, ೨೩೧೭ನೇ ಇಸವಿಯ ಫೆಬ್ರವರಿ ಮೂವತ್ತು. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ, ನಗಬೇಡಿ.

ರಕ್ತದೊಳಗೆ ಬಿಡುವ ನ್ಯಾನೊ ಔಷಧಿಗಾಗಿ ನಿಮ್ಮ ಕಾಲದಲ್ಲಿ ದುಡಿಯುತ್ತಿರುವ ಹಿರಿಯರಿಗೆ ಮಹಾನಂದಾಳ ನಮಸ್ಕಾರಗಳು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಗಾಬರಿಯಲ್ಲಿ ಬರೆಯುತ್ತಿದ್ದೇನೆ, ಸಿಟ್ಟೂ ಇದೆ.

ನೀವು ಆರಂಭಿಸಿದ್ದನ್ನು ನಾವು ಕಣಗಾವಲು ಎನ್ನುತ್ತೇವೆ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಆರೋಗ್ಯಕಟ್ಟೆಯ ದಾದಿ ನಾಲಿಗೆಗೆ ಒಂದು ಹನಿ ಬಿಡುತ್ತಾಳೆ. ಆ ಹನಿಯಲ್ಲಿರುವ, ಕಣ್ಣಿಗೆ ಕಾಣದ ಕಣಗಳು ಸಾಯುವ ತನಕ ನೆತ್ತರಲ್ಲಿ ತಿರುಗುತ್ತಾ, ರೋಗ ಹುಡುಕಿ, ನಮಗೆ ತಿಳಿಯುವ ಮೊದಲೇ ವಾಸಿ ಮಾಡುತ್ತವೆ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ವರದಿ ಮೂಡುತ್ತದೆ: ನಿನ್ನೆ ಇಂಥ ಗಂಟು ಕರಗಿತು, ಇಂಥ ನರ ಸರಿಹೋಯಿತು. ರೊಟ್ಟಿ ಬಡಿಯುವ ಹೊತ್ತಿಗೆ ಅದನ್ನು ಮರೆತೂಬಿಡುತ್ತೇವೆ. ಹುಟ್ಟಿದ ಮೇಲೆ ನಾನು ಒಮ್ಮೆಯೂ ಕೆಮ್ಮಿಲ್ಲ.

ಬಸಿರಾದರೆ ಮಾತ್ರ ಆರೋಗ್ಯಕಟ್ಟೆಗೆ ಹೋಗಿ ಹೇಳಬೇಕು. ಹೊಟ್ಟೆಯಲ್ಲಿ ಬೆಳೆಯುತ್ತಿರುವುದು ಗಡ್ಡೆಯಲ್ಲ, ಕೂಸು ಎಂದು ಅವರು ಕಣಗಾವಲಿಗೆ ಕಲಿಸುತ್ತಾರೆ. ನನ್ನತ್ತೆ ನೀಲಗಂಗವ್ವ, "ಮೂರು ತಿಂಗಳು ತುಂಬೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡವಾ, ದೃಷ್ಟಿ ಆಗತೈತಿ" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕಟ್ಟೆಯ ದಾದಿ ನಮ್ಮ ಓಣಿಯವಳೇ, ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಸ್ವಲ್ಪ ತಡವಾದರೆ ಏನಾದೀತು ಎಂದು ಇಬ್ಬರೂ ಸುಮ್ಮನಾದೆವು.

ಇಂದು ಬೆಳಿಗ್ಗೆ ಕನ್ನಡಿಯಲ್ಲಿ ಬಂತು: ಹೊಟ್ಟೆಯ ಗಡ್ಡೆಗೆ ಚಿಕಿತ್ಸೆ ಆರಂಭವಾಗಿದೆ. ವೈದ್ಯೆ ಮೆಹಬೂಬಿ ಬಂದು ಪರೀಕ್ಷಿಸಿದರು. ಕೂಸಿನ ಎದೆ ಇನ್ನೂ ಬಡಿಯುತ್ತಿದೆ. ಶುರುವಾದ ಚಿಕಿತ್ಸೆಯನ್ನು ನಡುವೆ ನಿಲ್ಲಿಸುವ ದಾರಿಯನ್ನೇ ಕಣಗಳನ್ನು ಮಾಡಿದವರು ಇಟ್ಟಿಲ್ಲವಂತೆ. ಏನು ಅವಸರವಿತ್ತೋ ನಿಮಗೆ! ಕಣಗಳನ್ನೆಲ್ಲ ನನ್ನ ನೆತ್ತರಿನಿಂದ ಸೋಸಿ ತೆಗೆಯಬಹುದು. ಆದರೆ ಅವಿಲ್ಲದೆ ರೋಗ ತಡೆಯುವುದನ್ನು ನಮ್ಮ ಮೈಗಳು ಮರೆತಿವೆ, ಸಣ್ಣ ಜ್ವರವೂ ನನ್ನನ್ನು ಒಯ್ಯಬಹುದು. ಅತ್ತೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದಾಳೆ. ಆದರೂ ತೆಗೆಯಿರಿ ಎಂದಿದ್ದೇನೆ. ಪಕ್ಕದ ಕೋಣೆಯಲ್ಲಿ ಸೋಸುವ ಯಂತ್ರ ಸಜ್ಜಾಗುತ್ತಿದೆ.

ನಿಮ್ಮ ಕಣಗಳಿಗೆ, ಕೈ ಹಾಕುವ ಮೊದಲು ನಮ್ಮನ್ನೊಂದು ಮಾತು ಕೇಳುವುದನ್ನು ಕಲಿಸಿ. ಕೆಲಸ ಇನ್ನೂ ನಿಮ್ಮ ಕೈಯಲ್ಲೇ ಇದೆ. ಮತ್ತೆ, ನಿಮ್ಮಲ್ಲಿ ಜ್ವರ ಬಂದವರ ಮಗ್ಗುಲಲ್ಲಿ ಯಾರಾದರೂ ಕೂರುತ್ತಾರಂತೆ. ಕೂತು ಏನು ಮಾಡುತ್ತಾರೆಂದು ಎಲ್ಲಾದರೂ ಬರೆದಿಡಿ. ಅತ್ತೆ ಕೇಳುತ್ತಿದ್ದಾಳೆ, ಈ ಊರಲ್ಲಿ ಯಾರಿಗೂ ಗೊತ್ತಿಲ್ಲ.