ಚೀಟಿಯಲ್ಲಿ ಬರೆಯದೆ ಬಿಟ್ಟ ಸಿಟ್ಟು

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಿಮ್ಮ ಆಸ್ಪತ್ರೆ ನನ್ನ ಚರ್ಮ ಉಳಿಸಿತು, ಸಂಸಾರ ಮುರಿಯುವುದರಲ್ಲಿತ್ತು. ಮೊದಲನೆಯದಕ್ಕೆ ಕೈಮುಗಿಯುತ್ತೇನೆ, ಈ ಪತ್ರ ಎರಡನೆಯದಕ್ಕೆ. ತಮಿಳಿನಲ್ಲಿ ಎರಡು ಸಲ ಬರೆದೆ, ಉತ್ತರವಿಲ್ಲ. ಈಗ ಮನೆಮಾತಾದ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಭಾಷೆ ಅರ್ಥವಾಗಲಿಲ್ಲ ಎಂಬ ನೆಪವಾದರೂ ನಿಮಗೆ ಸಿಗಲಿ!

ನಾನು ಸೋಮನೂರಿನವನು. ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್‌ಗಳಿವೆ. ಹೆಂಡತಿ ರುಕ್ಮಣಿ, ನನ್ನನ್ನು ಮಾಮ ಎನ್ನುವ ಅವಳ ತಮ್ಮ ಕಣ್ಣನ್, ನಾನು ಮೂವರೂ ಸೇರಿ ಓಡಿಸುತ್ತಿದ್ದೆವು. ಹೋದ ವರ್ಷ ಮೈಮೇಲೆಲ್ಲ, ಬಾಯೊಳಗೂ ಗುಳ್ಳೆಯೆದ್ದು ಅನ್ನ ನುಂಗಲಾಗದೆ ನಿಮ್ಮಲ್ಲಿಗೆ ಬಂದೆ. ಸ್ಟೀರಾಯ್ಡ್ ಮಾತ್ರೆ ಕೊಟ್ಟಿರಿ. ತಿಂಡಿಯಾದ ಮೇಲೆ ನುಂಗಬೇಕು, ಉಪ್ಪು ಕಡಿಮೆ ಮಾಡಬೇಕು ಎಂದಿರಿ. ನನಗೊಂದು ಮನಸ್ಸೂ ಇದೆ ಎಂಬ ಗುಮಾನಿ ಚೀಟಿಯಲ್ಲೆಲ್ಲೂ ಕಾಣಲಿಲ್ಲ.

ಮೊದಲ ತಿಂಗಳು ಭಾರಿ ಹುರುಪು. ಒಂದೇ ದಿನ ಆರೂ ಮಗ್ಗಕ್ಕೆ ಹಸಿರು ಬಣ್ಣ ಬಳಿದೆ. ಸುಮ್ಮನೆ ನಿಂತಿದ್ದ ನೆರೆಮನೆಯ ಸೈಕಲ್ಲಿಗೂ. ಆಮೇಲೆ ಹುರುಪು ಸಿಟ್ಟಾಯಿತು. ಸಾರಿಗೆ ಉಪ್ಪಿಲ್ಲವೆಂದು ತಟ್ಟೆ ಎಸೆದೆ. ಉಪ್ಪು ಬೇಡವೆಂದವರು ನೀವು, ಬೈಸಿಕೊಂಡವಳು ರುಕ್ಮಣಿ! ನಡುನಡುವೆ ಅಳು. ನೂಲು ಕಡಿದರೂ ಕಣ್ಣೀರು. ಮಗ್ಗದಲ್ಲಿ ದಿನಕ್ಕೆ ಎಷ್ಟು ಸಲ ನೂಲು ಕಡಿಯುತ್ತದೆ, ನಿಮಗೆ ಗೊತ್ತೇ?

ಒಂದು ಬೆಳಿಗ್ಗೆ, ಕಣ್ಣನ್ ನೂಲು ಕದ್ದು ಮಾರುತ್ತಿದ್ದಾನೆಂದು ನನಗೆ ಖಾತ್ರಿಯಾಯಿತು. ಆಧಾರ? ಏನೂ ಇಲ್ಲ. ಶೆಡ್ಡಿನಲ್ಲೇ ಅವನ ಅಂಗಿ ಹಿಡಿದೆ.

"ನಾನಾ ಮಾಮ? ಹದಿನೆಂಟು ವರ್ಷ ನಿಮ್ಮ ಕೂಡ ಇದ್ದೀನಲ್ಲ, ನಾನಾ?"

"ನೀನೇ ಕಳ್ಳ" ಎಂದೆ.

ಮಗ್ಗ ನಿಲ್ಲಿಸಿ ಹೊರಟವನು ಸಿಂಗಾನಲ್ಲೂರಿನ ಮಿಲ್ಲೊಂದರಲ್ಲಿ ಕೆಲಸಕ್ಕೆ ಸೇರಿದ. ರುಕ್ಮಣಿ ನನ್ನೊಡನೆ ಮಾತು ಬಿಟ್ಟಳು.

ಎರಡು ವಾರದ ಮೇಲೆ, ಇದೆಲ್ಲ ಮಾತ್ರೆಯ ಕೆಲಸವಿರಬಹುದೆಂದು ನನಗೆ ಹೊಳೆಯಿತು. ಜಾಣನಲ್ಲವೇ, ಅಂದೇ ಪೂರ್ತಿ ನಿಲ್ಲಿಸಿದೆ. ವಾಂತಿ, ತಲೆಸುತ್ತು, ಮೂರನೇ ದಿನ ಮಗ್ಗದ ಪಕ್ಕದಲ್ಲೇ ಬಿದ್ದೆ. ದಿಢೀರನೆ ನಿಲ್ಲಿಸಬಾರದೆಂದಾದರೂ ಯಾರು ಹೇಳಿದ್ದರು? ನಿಮ್ಮ ವಾರ್ಡಿನಲ್ಲಿ ಕಣ್ಣು ಬಿಟ್ಟಾಗ ನರ್ಸ್ ಜನನಿ ರುಕ್ಮಣಿಯನ್ನು ವಿಚಾರಿಸುತ್ತಿದ್ದರು: ಮನೆಯಲ್ಲಿ ಸಿಟ್ಟು, ಅನುಮಾನ ಜಾಸ್ತಿಯಾಗಿತ್ತೇ? ಈ ಮಾತ್ರೆ ಕೆಲವರಿಗೆ ಹಾಗೆ ಮಾಡುತ್ತದೆ.

ರುಕ್ಮಣಿ ನನ್ನ ಕಡೆ ತಿರುಗಿದಳು. "ಏನುಂಗ, ಅದು ಮಾತ್ರೆಯಾ? ನೀವಲ್ಲವಾ?" ಅಷ್ಟು ದಿನಗಳಲ್ಲಿ ಅವಳಾಡಿದ ಮೊದಲ ಮಾತು. ನಾನು ಮತ್ತೆ ಅತ್ತೆ. ಈ ಸಲ ಸಕಾರಣವಾಗಿ.

ಆಮೇಲೆ ನಿಮ್ಮ ವೈದ್ಯರು ಮಾತ್ರೆಯನ್ನು ಮತ್ತೆ ಶುರುಮಾಡಿ, ಸ್ವಲ್ಪಸ್ವಲ್ಪವೇ ದಿನಕ್ಕೆ ಅರ್ಧಕ್ಕೆ ಇಳಿಸಿದರು, ಮನೋವೈದ್ಯರಿಗೂ ತೋರಿಸಿದರು. ತಲೆ ತಿಳಿಯಾಯಿತು. ಸಿಂಗಾನಲ್ಲೂರಿಗೆ ಹೋಗಿ ಕಣ್ಣನ್‌ಗೆ ಎಲ್ಲ ಹೇಳಿದೆ.

"ಬೈದದ್ದು ಮಾತ್ರೆ, ಸರಿ ಮಾಮ. ಅಂಗಿ ಹಿಡಿದ ಕೈ?"

"ನನ್ನದೇ" ಎಂದೆ. ಬೇರೇನು ಹೇಳಲಿ? ಈಗ ಭಾನುವಾರ ಊಟಕ್ಕೆ ಬರುತ್ತಾನೆ; ಶೆಡ್ಡಿಗೆ ಮಾತ್ರ ಕಾಲಿಡುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಈ ಮಾತ್ರೆ ಬರೆದುಕೊಡುವ ದಿನ ಮನೆಯವರನ್ನೂ ಕೂರಿಸಿಕೊಂಡು ಐದು ನಿಮಿಷ ಮಾತಾಡಿ: ಮನಸ್ಸು ಕೆಡಬಹುದು, ಕೆಟ್ಟರೆ ಕೂಡಲೇ ಬನ್ನಿ, ನೀವಾಗಿಯೇ ನಿಲ್ಲಿಸಬೇಡಿ. ಇದನ್ನೇ ತಮಿಳಿನಲ್ಲಿ ಅಚ್ಚು ಹಾಕಿಸಿ ಔಷಧಿಯ ಜೊತೆ ಕೊಡಿ. ತಿಂಗಳೊಳಗೆ ಆಗದಿದ್ದರೆ ರುಕ್ಮಣಿಯೇ ನಿಮ್ಮ ಕಚೇರಿಗೆ ಬರುತ್ತಾಳಂತೆ. ಅವಳು ಯಾವ ಮಾತ್ರೆಯನ್ನೂ ನುಂಗುತ್ತಿಲ್ಲ, ಆ ಸಿಟ್ಟು ಪೂರ್ತಿ ಅವಳದೇ.

ಇಂತಿ,
ದಿನಕ್ಕೆ ಅರ್ಧ ಮಾತ್ರೆಯಷ್ಟು ಮಾತ್ರ ಸಿಡುಕಲು ಅನುಮತಿಯುಳ್ಳ,
ಜಯರಾಮನ್, ಸೋಮನೂರು